ಮೊದಲ ಗಾಳಿ

"ಏಣಿ ಇದ್ರೆ ತಾನೆ ಕೆಳಕ್ಕಿಳಿಯಾದು ನೀವು, ಬೋಳಿಮಕ್ಳಾ! ಈಗ ಏಣೀನೇ ಇಲ್ಲ. ಇಳೀರಿ ನೋಡವಾ!"

ಫೆರ್ಮೀನ್ ಕೆಳಗೆ ನಿಂತು ಹೀಗೆ ಕೂಗುತ್ತಲೇ ಇಪ್ಪತ್ತೆಂಟು ಅಡಿಯ ಏಣಿಯನ್ನು ಗೋಡೆಯಿಂದ ಕಿತ್ತು, ಜಾರಿಸಿ ಗಿಡ್ಡ ಮಾಡಿ, ಟ್ರಕ್ಕಿನ ಮೇಲೆ ಕಟ್ಟಿದ. ಊರಿನ ಆಚೆ ತುದಿಯಲ್ಲಿ ಅವನದು ಇನ್ನೊಂದು ಕೆಲಸ ನಡೆದಿತ್ತು. ಉದ್ದದ ಏಣಿ ಇದ್ದದ್ದು ಅದೊಂದೇ. ಆದರೆ ಅಷ್ಟೇ ಕಾರಣವಾಗಿದ್ದರೆ ಬಾಯಿ ಮುಚ್ಚಿಕೊಂಡು ಒಯ್ಯುತ್ತಿದ್ದ. ಬೆಳಗಿನಿಂದ ನೀರಿಗೆಂದು, ನೆರಳಿಗೆಂದು ನಾವು ಮೂರು ಸಲ ಇಳಿದದ್ದು ಅವನಿಗೆ ಸಹಿಸಿರಲಿಲ್ಲ.

"ಧಣಿ, ಇನ್ನೊಂದು ಕ್ಯಾನು ನೀರಾದ್ರೂ ಮ್ಯಾಕೆ ಕೊಟ್ಟೋಗು," ಎಂದು ಚೆಮಾ ತಾರಸಿಯ ಮೋಟುಗೋಡೆಯ ಮೇಲಿಂದ ಬಗ್ಗಿ ಕೇಳಿದ.

"ಒಂದು ಕ್ಯಾನ್ ಐತಲ್ಲ ಅಲ್ಲೇ! ಕುಡಿಯಾದು, ಉಚ್ಚೆ ಉಯ್ಯಾದು, ಇದೇ ಆಯ್ತು ನಿಮ್ದು. ನಾನ್ ಬರೋ ಹೊತ್ಗೆ ಪೆಟ್ಗೆ ಓಡ್ತಿರ್ಬೇಕು. ಇಲ್ದಿದ್ರೆ ಮೂರೂ ಜನಾನೂ ಮೆಣಸಿನಕಾಯಿ ಒಣಗ್ದಂಗೆ ಅಲ್ಲೇ ಒಣಗ್ರಿ."

ಟ್ರಕ್ಕು ಹೊರಟುಹೋಯಿತು. ನಮ್ಮ ಮೂವರ ಫೋನುಗಳೂ ಅದರೊಳಗೆ ಬೀಗ ಹಾಕಿದ ಡಬ್ಬದಲ್ಲಿದ್ದವು. ಹಿಂದಿನ ವರ್ಷ ಯಾರೋ ಅವನ ಬೈಗುಳವನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ ಮೇಲೆ, ಬೆಳಿಗ್ಗೆ ಫೋನು ಒಪ್ಪಿಸಿಯೇ ಏಣಿ ಹತ್ತಬೇಕೆಂದು ಕಟ್ಟಳೆ ಮಾಡಿದ್ದ. ಹಗ್ಗವೂ ಟ್ರಕ್ಕಿನಲ್ಲೇ ಹೋಯಿತು. ಹಳೆಯ ಏಸಿ ಪೆಟ್ಟಿಗೆಯನ್ನು ಇಳಿಸಿ ಹೊಸದನ್ನು ಏರಿಸಿದ ಕ್ರೇನು ಎಂಟು ಗಂಟೆಗೇ ಹಿಂದಿರುಗಿತ್ತು. ಎರಡು ಮಹಡಿಯ ಮೇಲಿನ ಬೋಳು ತಾರಸಿ, ಬಿಳಿ ಬಣ್ಣ ಬಳಿದದ್ದು. ಅದರ ಮೇಲೆ ನಾವು ಮೂವರು ಮತ್ತು ಆ ಪೆಟ್ಟಿಗೆ.

ಜುಲೈ ತಿಂಗಳ ಫೀನಿಕ್ಸ್. ಬೆಳಿಗ್ಗೆ ಹತ್ತಕ್ಕೇ ನೂರ ಎಂಟು ಡಿಗ್ರಿ. ಮನುಷ್ಯನಿಗೆ ನೂರ ನಾಲ್ಕು ಬಂದರೆ ಆಸ್ಪತ್ರೆಗೆ ಹೊತ್ತೊಯ್ಯುತ್ತಾರೆ. ಈ ಊರಿಗೆ ಮೂರು ತಿಂಗಳು ಆ ಜ್ವರ ಇಳಿಯುವುದೇ ಇಲ್ಲ, ಯಾರೂ ಕೇಳುವುದೂ ಇಲ್ಲ.

ಫೆರ್ಮೀನ್ ಪರಕೀಯನಲ್ಲ. ನಮ್ಮ ಹಾಗೆಯೇ ಮರುಭೂಮಿಯಲ್ಲಿ ಮೂರು ರಾತ್ರಿ ನಡೆದು ಗಡಿ ದಾಟಿ ಬಂದವನು. ಆಮೇಲೆ ಈ ನೆಲದವಳೊಬ್ಬಳನ್ನು ಕಟ್ಟಿಕೊಂಡು ಕಾಗದಪತ್ರ ಮಾಡಿಸಿಕೊಂಡ. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರಲ್ಲ, ಹಾಗೆ. ಎಲ್ಲಿ ಅದುಮಿದರೆ ನಮಗೆ ನೋಯುತ್ತದೆಂದು ಬಿಳಿಯರಿಗೆ ತಿಳಿಯದು, ಅವನಿಗೆ ಚೆನ್ನಾಗಿ ತಿಳಿದಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ತಂಡದ ಸೆವೆರೊ ಎಂಬವನು ಸೂರಿನಿಂದ ಬಿದ್ದ. ಫೆರ್ಮೀನ್ ಅವನನ್ನು ಟ್ರಕ್ಕಿಗೆ ಹಾಕಿಕೊಂಡು, "ಆಸ್ಪತ್ರೆಗೆ" ಎಂದು ಹೇಳಿ ಹೋದವನು, ಯಾವುದೋ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ನೀರಿನ ಬಾಟಲಿ ಕೊಟ್ಟು ಬಂದಿದ್ದ. ಸಂಜೆ ಬಸ್ಸಿಗೆ ಬಂದವರು ನೋಡಿದಾಗ ಸೆವೆರೊ ಕೂತಲ್ಲೇ ಸತ್ತಿದ್ದ. ಯಾವ ಮನೆಯ ಸೂರಿನಿಂದ ಬಿದ್ದ, ಯಾರ ಆಳು, ಎಲ್ಲೂ ದಾಖಲೆಯಿಲ್ಲ. ಮರುದಿನ ನಾವು ಕೆಲಸಕ್ಕೆ ಹೋದೆವು. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಹೆಸರು ನಿಕಾನೋರಾ. ಎಲ್ಲರೂ ನಿಕಾ ಎನ್ನುತ್ತಾರೆ. ಗಡಿಯ ಆಚೆ ನೊಗಾಲೆಸ್ ಊರಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇಂಥ ಪೆಟ್ಟಿಗೆಗಳೊಳಗಿನ ಹಸಿರು ಸರ್ಕ್ಯೂಟ್ ಹಲಗೆಗಳಿಗೆ ತಂತಿ ಬೆಸೆದವಳು ನಾನು. ಹೀಗಾಗಿ ತಂಡದಲ್ಲಿ ವೈರಿನ ಕೆಲಸ ನನ್ನದು. ಚೆಮಾ ತಗಡಿನವನು. ಅವನ ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಗಾಸ್ಪರ್ ಮಾಮ ಗ್ಯಾಸ್ ಪೈಪಿನವನು. ಅರವತ್ತರ ಹತ್ತಿರದ ಮುದುಕ, ಗ್ವಾಟೆಮಾಲಾದ ಬೆಟ್ಟದ ಮೇಲಿನವನು. ಅವನ ಮನೆಮಾತು ಬೇರೆ, ನಮ್ಮ ಸ್ಪ್ಯಾನಿಷ್ ಅವನ ಬಾಯಲ್ಲಿ ಅಳೆದು ತೂಗಿ ಬರುತ್ತಿತ್ತು.

ನಾವು ಕೂರಿಸುತ್ತಿದ್ದ ಪೆಟ್ಟಿಗೆಯಲ್ಲಿ ಎಲ್ಲವೂ ಒಂದರೊಳಗೇ ಇರುತ್ತದೆ. ಬೇಸಿಗೆಗೆ ತಂಪು ಮಾಡುವ ಕಂಪ್ರೆಸರು, ಚಳಿಗಾಲಕ್ಕೆ ಗ್ಯಾಸಿನ ಒಲೆ, ಊದುವ ಫ್ಯಾನು. ಪಕ್ಕದಲ್ಲಿ ಎರಡು ಚೌಕ ಬಾಯಿ. ಒಂದು ಬಾಯಿ ಮನೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಅದನ್ನು ತಂಪು ಮಾಡಿಯೋ ಬಿಸಿ ಮಾಡಿಯೋ ಮನೆಯೊಳಕ್ಕೆ ಊದುತ್ತದೆ. ಎರಡೂ ಬಾಯಿಗೆ ತಗಡಿನ ಕೊಳವೆ ಕೂಡಿಸಿದರೆ ಕೆಲಸ ಮುಗಿದ ಹಾಗೆ.

ನಮ್ಮಲ್ಲೊಂದು ರೂಢಿಯಿತ್ತು. ಊದುವ ಬಾಯಿಗೆ ಕೊಳವೆ ಕೂಡಿಸುವ ಮುಂಚೆ ಒಂದು ನಿಮಿಷ ತಂಪು ಓಡಿಸಿ ಎಲ್ಲರೂ ಅದಕ್ಕೆ ಮುಖವೊಡ್ಡಿ ನಿಲ್ಲುವುದು. ಮೊದಲ ಗಾಳಿ ಕೂರಿಸಿದವರದು. ಫೆರ್ಮೀನನಿಗೆ ಗೊತ್ತಾದ ದಿನ, "ಗಿರಾಕಿ ಗಾಳೀನೂ ಕದೀತೀರೇನ್ರೋ ಹಲ್ಕಾಗಳಾ" ಎಂದು ನಿಲ್ಲಿಸಿದ್ದ. ಅವನಿಲ್ಲದಾಗ ನಾವು ಬಿಟ್ಟಿರಲಿಲ್ಲ. ಗಾಸ್ಪರ್ ಮಾಮ ಮಾತ್ರ ಎಂದೂ ಆ ಬಾಯಿಯ ಮುಂದೆ ನಿಂತವನಲ್ಲ. ಕಾದ ಮೈಗೆ ತಣ್ಣನೆಯದು ತಾಗಿದರೆ ಬಾಯಿ ಸೊಟ್ಟಗಾಗುತ್ತದೆ, ಅರ್ಧ ಮುಖ ಸತ್ತುಹೋಗುತ್ತದೆ ಎಂದು ಅವನ ಕಡೆಯವರ ನಂಬಿಕೆ. ನಮ್ಮ ಕಡೆಯೂ ಇದೆ ಅದು. ನನ್ನ ಅಜ್ಜಿ ಬಟ್ಟೆಗೆ ಇಸ್ತ್ರಿ ಹಾಕಿದ ದಿನ ತಣ್ಣೀರು ಮುಟ್ಟುತ್ತಿರಲಿಲ್ಲ. ಆದರೆ ಮಾಮ ಅದನ್ನು ಧರ್ಮದ ಹಾಗೆ ನಡೆಸುತ್ತಿದ್ದ. ನಾವು ಐಸ್ ಹಾಕಿದ ನೀರು ಕುಡಿದರೆ ಅವನು ಫ್ಲಾಸ್ಕಿನಿಂದ ಬಿಸಿ ಬಿಸಿ ಜೋಳದ ಗಂಜಿ ಬಗ್ಗಿಸಿಕೊಳ್ಳುತ್ತಿದ್ದ.

"ಮಾಮ, ಒಂದು ಗುಟುಕು ಐಸ್ ನೀರು ಕುಡ್ಯೋ. ನಿನ್ ಮೂತಿ ಈಗ್ಲೇ ಸೊಟ್ಟಗೈತೆ, ಇನ್ನೇನಾಗ್ತದೆ," ಎಂದು ಚೆಮಾ ಅಂದೂ ರೇಗಿಸಿದ.

"ನನ್ ಮೂತಿ ನೋಡ್ಕೊಂಡೇ ಮೂವತ್ತು ವರ್ಸ ಬಾಳಾಟ ಮಾಡಿದ್ಲು ನನ್ನೆಂಡ್ರು. ನಿನ್ ಮೂತಿಗೆ ಯಾರವ್ರಲಾ?" ಎಂದು ಮಾಮ ಗಂಜಿ ಹೀರಿದ.

ಮನೆಯೊಡತಿ ಕೆಸ್ಲರಮ್ಮ. ಬೆಳಿಗ್ಗೆ, ಪೆಟ್ಟಿಗೆಗೆ ಅಪ್ಪಣೆ ಕೊಡುವ ಗೋಡೆಯ ಥರ್ಮೋಸ್ಟಾಟ್ ಬದಲಿಸಲು ನಾನು ಒಳಗೆ ಹೋಗಿದ್ದೆ. ಸೊಂಟಕ್ಕೆ ಇಕ್ಕಳ, ಟೆಸ್ಟರು, ಸ್ಕ್ರೂಡ್ರೈವರು ನೇತಾಡುತ್ತಿದ್ದರೂ ಆಕೆ ನನ್ನ ಕೈಗೆ ಒಂದು ಬಟ್ಟೆ ಕೊಟ್ಟಳು.

"ಒಳ್ಳೆಯದಾಯಿತು, ಹೆಂಗಸರನ್ನೂ ಕಳಿಸಿದ್ದಾರೆ. ದಯವಿಟ್ಟು ಮೆಟ್ಟಿಲ ಮೇಲಿನ ಹೆಜ್ಜೆ ಗುರುತೆಲ್ಲ ಒರೆಸಿಬಿಡಿ. ಆಮೇಲೆ ಆ ಸಿಂಕು. ಮಧ್ಯಾಹ್ನ ಮೂರಕ್ಕೆ ಮಗಳ ಸೀಮಂತ, ನಲವತ್ತು ಜನ ಬರುತ್ತಾರೆ."

"ನಾನು ವೈರಿನ ಕೆಲ್ಸದವ್ಳು ಕಣಮ್ಮ," ಎಂದೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ.

"ಹೌದಾ? ಎಷ್ಟು ಮುದ್ದಾಗಿದೆ!" ಎಂದು ನಕ್ಕಳು. ಬಟ್ಟೆಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಮೆಟ್ಟಿಲು ಒರೆಸಿದೆ. ಪಾಯಿಖಾನೆಗೆ ಹೋಗಬಹುದೇ ಎಂದು ಕೇಳಿದಾಗ ಅದೇ ನಗು ಹಾಗೇ ಇತ್ತು. "ಅಯ್ಯೋ, ಅತಿಥಿಗಳಿಗಾಗಿ ತೊಳೆಸಿಟ್ಟಿದ್ದೇನಲ್ಲ. ಮೂಲೆಯಲ್ಲಿ ಪೆಟ್ರೋಲ್ ಬಂಕ್ ಇದೆ ನೋಡಿ, ಎರಡೇ ಹೆಜ್ಜೆ." ಆಮೇಲೆ ಬಾಗಿಲ ತನಕ ಬಂದು ಇನ್ನೊಂದು ಮಾತು ಸೇರಿಸಿದಳು. "ಹಳೆಯದನ್ನು ಹಾಕಿದಾಗ ಮೊದಲ ಸಲ ಒಲೆ ಹೊತ್ತಿಸಿದ ಹೊಗೆ ಮನೆ ತುಂಬ ನಾರುತ್ತಿತ್ತು. ಈ ಸಲ ಅದೆಲ್ಲ ಮೇಲೆಯೇ ಮುಗಿಸಿಕೊಳ್ಳಿ. ನಿಮ್ಮ ಯಜಮಾನರಿಗೂ ಹೇಳಿದ್ದೇನೆ."

ಅದು ನಿಜ. ಹೊಸ ಪೆಟ್ಟಿಗೆಯ ಒಲೆಯನ್ನು ಮೊದಲು ಹೊತ್ತಿಸಿದಾಗ ಒಳಗಿನ ಎಣ್ಣೆ ಸುಟ್ಟು ಹೊಗೆ ಬರುತ್ತದೆ. ಮಾರನೆಯ ದಿನ ತನಿಖೆಯವನು ಬರುವವನಿದ್ದ, ಹಾಗಾಗಿ ಗ್ಯಾಸು, ಒಲೆ ಎರಡನ್ನೂ ಅಂದೇ ಪರೀಕ್ಷೆ ಮಾಡಿ ಮುಗಿಸಬೇಕು. ಎಳೆಯುವ ಬಾಯಿಗೆ ಕೊಳವೆ ಕೂಡಿಸಿದೆವು. ಊದುವ ಬಾಯಿಯನ್ನು ತೆರೆದೇ ಬಿಟ್ಟು, ಆ ಹೊಗೆ ತಾರಸಿಯ ಮೇಲೆ ಹೋಗುವ ಹಾಗೆ ಮಾಡಿದೆವು. ಗಾಸ್ಪರ್ ಮಾಮ ಪೈಪಿನ ಒಂದೊಂದು ಕೂಡಿಕೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಮೂಗು ತಾಗಿಸಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಅವನ ಕೈ ಅಂಥದು.

ಹನ್ನೆರಡೂವರೆಗೆ ನಾನು ಒಲೆ ಹೊತ್ತಿಸಿದೆ. ನಡುಬೇಸಿಗೆ, ನಡುಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಎದುರಿಗೆ ಬೆಂಕಿಗಾಳಿ. ಚೆಮಾ ಕೆಮ್ಮುತ್ತಲೇ, "ನೋಡವ್ವ ನಿಕಾ, ನಾರೋ ಗಾಳಿ ನಮ್ಗೆ, ತಂಪ್ನೆ ಗಾಳಿ ಅವ್ಳಿಗೆ. ಪಾಲು ಸರ್ಯಾಗೈತೆ ತಗೋ," ಎಂದ. ಹತ್ತು ನಿಮಿಷ ಓಡಬೇಕು, ಜ್ವಾಲೆ ನೀಲಿಯಿದೆಯೇ ಎಂದು ಒಬ್ಬರು ಬಗ್ಗಿ ನೋಡುತ್ತಿರಬೇಕು. ಮಾಮ ಮಂಡಿಯೂರಿ ನೋಡುತ್ತಿದ್ದ. ಕ್ಯಾನಿನಲ್ಲಿ ಆಗಲೇ ಒಂದು ತೊಟ್ಟು ನೀರಿರಲಿಲ್ಲ.

ನಾನು ಒಲೆ ಆರಿಸಿದ ಮೇಲೂ ಮಾಮ ಏಳಲಿಲ್ಲ. ತನ್ನ ಭಾಷೆಯಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ. ನಡುನಡುವೆ ಎವುಲಾಲಿಯಾ, ಎವುಲಾಲಿಯಾ ಎಂದು ಹೆಂಡತಿಯ ಹೆಸರು. ಅವಳು ಸತ್ತು ಆರು ವರ್ಷವಾಗಿತ್ತು.

"ಮಾಮ, ಏಳು. ಏ ಮಾಮ!"

"ಚಳಿ ಆಯ್ತದೆ ಮಗಾ. ಕಂಬ್ಳಿ ತತ್ತಾ."

ಚೆಮಾ ಓಡಿಬಂದು ತನ್ನ ಅಂಗಿ ಬಿಚ್ಚಿ ಅವನಿಗೆ ಹೊದಿಸಿದ. ನಾನು ಮಾಮನ ಕುತ್ತಿಗೆ ಮುಟ್ಟಿದೆ. ಬೆವರಿಲ್ಲ. ಒಣಗಿದ ಚರ್ಮ, ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು. ಗಡಿ ದಾಟುವ ಮರುಭೂಮಿಯ ದಾರಿಯಲ್ಲಿ ಹೀಗೆ ಚಳಿ ಚಳಿ ಎನ್ನುತ್ತಲೇ ಸತ್ತವರನ್ನು ನೋಡಿದ್ದೆ. ಹೊದಿಸಿದ್ದನ್ನು ಕಿತ್ತೆಸೆದೆ.

"ಯಾಕವ್ವಾ, ಚಳಿ ಅಂತಾವ್ನೆ!"

"ಅದು ಚಳಿಯಲ್ಲ ಕಣೋ, ಸಾವು. ಅಂಗಿ ಬಿಚ್ಚು ಅವುಂದೂನೂವೆ."

ಪೆಟ್ಟಿಗೆ ಬಂದಿದ್ದ ರಟ್ಟನ್ನು ಹರಿದು ಅವನ ಮೇಲೆ ನೆರಳು ಹಿಡಿದೆವು. ಆಮೇಲೆ ಚೆಮಾ ಮೋಟುಗೋಡೆಗೆ ಹೋಗಿ ಗಂಟಲು ಕಿತ್ತುಹೋಗುವ ಹಾಗೆ ಕೂಗಿದ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಆ ಬಡಾವಣೆಯಲ್ಲಿ ಹಗಲು ಹೊತ್ತು ನಾಯಿಯನ್ನೂ ಹೊರಗೆ ಬಿಡುವುದಿಲ್ಲ, ಅದರ ಕಾಲು ಸುಡುತ್ತದೆಂದು. ಕೆಸ್ಲರಮ್ಮ ಮಾತ್ರ ಮನೆಯ ಮುಂದೆ ಕಾರಿನಲ್ಲಿ ಕೂತಿದ್ದಳು, ಇಂಜಿನ್ ಓಡುತ್ತಿತ್ತು, ಗಾಜು ಏರಿಸಿತ್ತು. ಮನೆಯೊಳಗೆ ಸೆಕೆಯಲ್ಲವೇ. ಕಾರಿನ ತಂಪಿನಲ್ಲಿ ಕೂತು ಸೀಮಂತದ ಹೂವಿನವರಿಗೆ ಫೋನು ಮಾಡುತ್ತಿದ್ದಳು.

ಚೆಮಾ ತಗಡಿನ ಸ್ಕ್ರೂಗಳನ್ನು ಬೊಗಸೆ ತುಂಬ ತೆಗೆದು ಕಾರಿನ ಮೇಲೆ ಸುರಿದ. ಆಕೆ ಬಾಗಿಲು ತೆರೆದು ಇಳಿದಳು.

"ದೇವರೇ, ನನ್ನ ಕಾರು! ನಿಮಗೇನು ಹುಚ್ಚೇ?"

"ಅಮ್ಮಾ, ಆಂಬುಲೆನ್ಸ್ ಕರೀ! ಮುದ್ಕ ಬಿದ್ದವ್ನೆ, ಸಾಯ್ತಾವ್ನೆ!"

ಆಕೆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಮೇಲೆ ನೋಡಿದಳು. "ಸ್ವಲ್ಪ ಹೊತ್ತು ನೆರಳಿನಲ್ಲಿ ಮಲಗಲಿ. ಹೋದ ಸಲದವರೂ ಹೀಗೇ ಮಾಡಿದ್ದರು. ನಾನು ಆಂಬುಲೆನ್ಸ್ ಕರೆದರೆ ಅದು ನನ್ನ ಮನೆಯ ವಿಮೆಗೆ ಬರುತ್ತದೆ, ಅರ್ಥವಾಗುತ್ತದೆಯೇ? ನಿಮ್ಮ ಯಜಮಾನರಿಗೆ ಫೋನ್ ಮಾಡುತ್ತೇನೆ. ಅದು ಅವರ ಜವಾಬ್ದಾರಿ." ಫೋನು ಕಿವಿಗಿಟ್ಟುಕೊಂಡು ಮತ್ತೆ ಕಾರಿನೊಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

"ನೆರಳಂತೆ ನೆರಳು! ಇವ್ಳಜ್ಜಿ ಹೊತ್ಕೊಂಡು ಬಂದಿದ್ಲಾ ಇಲ್ಲಿಗೆ ನೆರಳ್ನ?" ಚೆಮಾ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. "ಹಾರ್ಬುಡ್ಲಾ ಅಕ್ಕಾ? ಹಾರ್ಬುಡ್ತೀನಿ."

"ಕಾಲು ಮುರ್ಕೊಂಡು ಬಿದ್ರೆ ನಿಂಗೂ ಸೆವೆರೊ ಬೆಂಚೇ ಗತಿ. ಬಾ ಇಲ್ಲಿ, ಮಾಮನ್ ಕಾಲ್ ಹಿಡ್ಕೊ."

ನನ್ನ ತಲೆಗೆ ಆಗ ಹೊಳೆದದ್ದು ಒಂದೇ. ಆ ತಾರಸಿಯ ಮೇಲೆ ತಂಪು ಎಂಬುದೇನಾದರೂ ಇದ್ದರೆ ಅದು ಆ ಪೆಟ್ಟಿಗೆಯೊಳಗೆ. ಎಳೆಯುವ ಬಾಯಿ ಮನೆಗೆ ಕೂಡಿತ್ತು. ಊದುವ ಬಾಯಿ ತೆರೆದಿತ್ತು. ಪೆಟ್ಟಿಗೆಯ ಬದಿಯ ತಗಡು ಕಳಚಿ, ಹಸಿರು ಹಲಗೆಯ ಮೇಲಿನ ಕೆಂಪು, ಹಳದಿ, ಹಸಿರು ತಂತಿಗಳ ಮೊಳೆಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿದೆ. ಹಾಗೆ ಮಾಡಿದರೆ ಕೆಳಗಿನ ಗೋಡೆಯ ಥರ್ಮೋಸ್ಟಾಟಿನ ಅಪ್ಪಣೆಗೆ ಕಾಯಬೇಕಿಲ್ಲ. ಪಕ್ಕದ ಸ್ವಿಚ್ಚು ಎತ್ತಿದೆ. ಫ್ಯಾನು ತಿರುಗಿತು, ಕಂಪ್ರೆಸರು ಗುಟುರು ಹಾಕಿತು.

ಮಾಮನನ್ನು ಎಳೆದು ಊದುವ ಬಾಯಿಯ ಕೆಳಗೆ ಮಲಗಿಸುವಾಗ ಅವನಿಗೆ ಒಂದಿಷ್ಟು ಎಚ್ಚರವಿತ್ತು. ನನ್ನ ಮುಂಗೈ ಹಿಡಿದ.

"ಬ್ಯಾಡ ಮಗಾ. ಕಾದ ಮೈ. ಬಾಯಿ ಸೊಟ್ಟಗಾಯ್ತದೆ."

ಸುಳ್ಳು ಹೇಳುವುದಿಲ್ಲ, ನನಗೂ ಹಿಂಜರಿಕೆಯಾಯಿತು. ಅಜ್ಜಿಯ ಮಾತು ರಕ್ತದಲ್ಲೇ ಕೂತಿರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ನಾನೇ ಕೊಂದ ಹಾಗೆ ಎಂದು ಒಂದು ಗಳಿಗೆ ಅನಿಸಿತು. "ಸೊಟ್ಟಗಾದ್ರೆ ಆಗ್ಲಿ ಮಾಮ, ನಾನೇ ದಿನಾ ಗಂಜಿ ಕುಡಿಸ್ತೀನಿ," ಎಂದು ಅವನ ಬೆರಳು ಬಿಡಿಸಿ ಮುಖವನ್ನು ಗಾಳಿಗೆ ತಿರುಗಿಸಿದೆ.

ಮೊದಲು ಸೆಕೆಗಾಳಿ ಬಂತು. ಆಮೇಲೆ ನಿಧಾನವಾಗಿ ತಂಪು. ಕಾಲು ಗಂಟೆಯ ಮೇಲೆ ಪೆಟ್ಟಿಗೆಯ ಅಡಿಯ ಪೈಪಿನಿಂದ ನೀರು ತೊಟ್ಟಿಕ್ಕತೊಡಗಿತು. ಮಳೆಗಾಲದ ತೇವ ಆಗತಾನೇ ಗಾಳಿಗೆ ಬಂದಿತ್ತು. ಮನುಷ್ಯ ಬೆವರುವುದನ್ನು ನಿಲ್ಲಿಸಿದ್ದ, ಪೆಟ್ಟಿಗೆ ಬೆವರುತ್ತಿತ್ತು. ಚೆಮಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಆ ನೀರಿನಲ್ಲಿ ನೆನೆಸಿ ಮಾಮನ ಎದೆ, ಕಂಕುಳು ಒರೆಸಿದ. ಮಾಮನ ಗೊಣಗು ನಿಂತಿತ್ತು, ಉಸಿರು ಮಾತ್ರ ನಾಯಿಯ ಉಸಿರಿನ ಹಾಗೆ ಓಡುತ್ತಿತ್ತು.

ಫೆರ್ಮೀನ್ ಬಂದಾಗ ಎರಡಾಗುತ್ತಿತ್ತು. ಬಂದವನೇ ಏಣಿ ಒರಗಿಸಿ ಮೋಟುಗೋಡೆಯ ಮಟ್ಟಕ್ಕೆ ಹತ್ತಿ, ತೆರೆದ ಬಾಯಿಯನ್ನೂ ಅದರ ಕೆಳಗೆ ಬಿದ್ದವನನ್ನೂ ನೋಡಿದ.

"ಲೇ ರಂಡೆ, ಗಿರಾಕಿ ಗಾಳೀನ ಆಕಾಸಕ್ಕೆ ಬಿಡ್ತಿದೀಯಾ?"

"ಆಂಬುಲೆನ್ಸ್ ಕರಿ ಧಣಿ. ಆಮ್ಯಾಕೆ ಬೈಯಿ."

"ಎಂಥ ಆಂಬುಲೆನ್ಸು? ಬಿಸ್ಲು ತಾಕೈತೆ ಅಷ್ಟೇಯ. ಚೆಮಾ, ಎತ್ಲಾ ಅವುನ್ನ, ಹೆಗಲಿಗಾಕು, ಟ್ರಕ್ಕಿಗೆ ತುಂಬನ. ನಾನೇ ಆಸ್ಪತ್ರೆಗೆ ಬಿಟ್ ಬತ್ತೀನಿ."

ಚೆಮಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಒಂದೇ ಬೆಂಚು ಕಣ್ಣಿಗೆ ಬಂದಿತ್ತು.

"ಯಾವ ಆಸ್ಪತ್ರೆ ಧಣಿ? ಸೆವೆರೊನ ಬಿಟ್ಟ ಆಸ್ಪತ್ರೇನಾ?" ಎಂದ ಚೆಮಾ. ಈ ಒಂದು ವರ್ಷದಲ್ಲಿ ಆ ಹೆಸರನ್ನು ಫೆರ್ಮೀನನ ಎದುರು ಯಾರೂ ಎತ್ತಿರಲಿಲ್ಲ.

"ಮುಚ್ಚಲೇ ಬಾಯಿ," ಎನ್ನುತ್ತ ಫೆರ್ಮೀನ್ ಇನ್ನೆರಡು ಮೆಟ್ಟಿಲು ಹತ್ತಿದ. ಚೆಮಾ ಏಣಿಯ ಎರಡು ಕೊಂಬನ್ನೂ ಹಿಡಿದು ಅಲ್ಲಾಡಿಸಿದ. ಒಂದೇ ಸಲ, ಜೋರಾಗಿಯೂ ಅಲ್ಲ. ಫೆರ್ಮೀನ್ ಬೆಕ್ಕಿನ ಹಾಗೆ ತಬ್ಬಿಕೊಂಡ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದ. ಅವನ ಕಾಲು ನೆಲಕ್ಕೆ ತಾಗಿದ ಕ್ಷಣ ನಾವಿಬ್ಬರೂ ಸೇರಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡೆವು. ಅಲ್ಯೂಮಿನಿಯಂ ಕಾದು ಕೈ ಸುಡುತ್ತಿತ್ತು. ಪೂರ್ತಿ ಎಳೆದು ತಾರಸಿಯ ಮೇಲೆ ಉದ್ದಕ್ಕೆ ಮಲಗಿಸಿದೆವು.

ಕೆಳಗೆ ಫೆರ್ಮೀನ್ ಗೋಡೆಯನ್ನು ಗುದ್ದಿದ.

"ಏಣಿ ಇಳಿಸ್ರೋ!"

"ಆಂಬುಲೆನ್ಸು," ಎಂದೆ ನಾನು.

"ವಲಸೆ ಪೊಲೀಸ್ರಿಗೆ ಫೋನ್ ಮಾಡ್ತೀನಿ ನೋಡು! ಮೂರೂ ಜನಾನೂ ನಾಳೆ ಬೇಲಿಯಾಚೆ ಇರ್ತೀರಾ!"

"ಮಾಡು ಧಣಿ. ಅವರತ್ರಾನೂ ಏಣಿ ಇರ್ತದೆ. ಬರ್ಲಿ."

ಕೆಸ್ಲರಮ್ಮ ಅಷ್ಟರಲ್ಲಿ ಮನೆಯೊಳಗೆ ಹೋಗಿ ನೋಡಿ ಬಂದಿದ್ದಳು. "ಒಳಗೆ ತೊಂಬತ್ತೇಳು ಡಿಗ್ರಿ ಇದೆ! ಕೇಕ್ ಕರಗುತ್ತಿದೆ! ಯಂತ್ರ ಓಡುವ ಸದ್ದು ಕೇಳಿಸುತ್ತಿದೆ, ಗಾಳಿ ಎಲ್ಲಿ ಹೋಗುತ್ತಿದೆ?"

ಫೆರ್ಮೀನ್ ಉತ್ತರ ಹೇಳದೆ ಮನೆಯ ಬದಿಗೆ ನಡೆದ. ಅಲ್ಲಿ ಗೋಡೆಗೆ ವಿದ್ಯುತ್ತಿನ ಪೆಟ್ಟಿಗೆಯಿತ್ತು. ಅವನು ಎಲ್ಲಿಗೆ ಹೊರಟನೆಂದು ನನಗೆ ಅರ್ಥವಾಗುವಷ್ಟರಲ್ಲಿ ಫ್ಯಾನು ನಿಂತಿತು, ಕಂಪ್ರೆಸರು ಕೆಮ್ಮಿ ಸತ್ತಿತು. ತಾರಸಿಯ ಬಿಸಿ ನಾಲ್ಕೂ ಕಡೆಯಿಂದ ಮತ್ತೆ ನಮ್ಮ ಮೇಲೆ ಬಿತ್ತು. ಆ ನಿಶ್ಶಬ್ದದಲ್ಲಿ ಮಾಮನ ಉಸಿರಾಟ ಎಷ್ಟು ಮೇಲೆ ಮೇಲೆ ಬರುತ್ತಿದೆಯೆಂದು ಕೇಳಿಸಿತು.

ನಾನು ಸೊಂಟದ ಕಟಿಂಗ್ ಪ್ಲೇಯರ್ ತೆಗೆದು ಮೋಟುಗೋಡೆಯ ಮೇಲೆ ಎತ್ತಿ ಹಿಡಿದು ತೋರಿಸಿದೆ.

"ಅಮ್ಮಾ, ನಿಂಗೇ ಹೇಳ್ತಿರಾದು, ಸರಿಯಾಗಿ ಕೇಳ್ಕೊ. ಒಳ್ಗೆ ಒಂದು ತಾಮ್ರದ ಕೊಳ್ವೆ ಐತೆ, ಕಿರುಬೆಳ್ಳಷ್ಟು ದಪ್ಪ. ಅದ್ನ ಕತ್ತರಿಸಿದ್ರೆ ತಂಪು ಮಾಡೋ ಗ್ಯಾಸೆಲ್ಲ ಬುಸ್ ಅಂತ ಹೊಂಟೋಯ್ತದೆ. ಈ ಹೊಸಾ ಪೆಟ್ಗೆ ತಗಡಿನ ಗುಜ್ರಿ. ನಿನ್ ಮಗಳ ಸೀಮಂತ ಒಲೆ ಮ್ಯಾಲೆ ಆಯ್ತದೆ. ಕರೆಂಟ್ ಹಾಕ್ಸು, ಆಂಬುಲೆನ್ಸ್ ಕರಿ. ಅವ್ರು ಬಂದು ಮುದುಕನ್ನ ಕೈಗೆ ತಗಂಡ ಗಳಿಗೇಲೇ ಗಾಳಿ ಊದೋ ತಗಡಿನ ಕೊಳ್ವೆ ಕೂಡುಸ್ತೀನಿ. ನಿನ್ ಗಾಳಿ ನಿಂಗೆ."

ನನ್ನ ಇಂಗ್ಲಿಷು ಇಷ್ಟು ನೇರವಾಗಿ ಎಂದೂ ಬಂದಿರಲಿಲ್ಲ. ಬೆಳಿಗ್ಗೆ ಮುದ್ದಾಗಿದೆ ಎಂದವಳು ಈಗ ನಗಲಿಲ್ಲ.

"ಅವಳು ನಿಜವಾಗಿಯೂ ಹಾಗೆ ಮಾಡಬಲ್ಲಳೇ?" ಎಂದು ಫೆರ್ಮೀನನನ್ನು ಕೇಳಿದಳು.

ಫೆರ್ಮೀನ್ ನನ್ನನ್ನು ದಿಟ್ಟಿಸಿದ. ಆರು ವರ್ಷ ನನ್ನ ಕೈಕೆಲಸ ನೋಡಿದವನು. "ಮಾಡ್ತಾಳೆ, ಹಾದರಗಿತ್ತಿ," ಎಂದು ನಮ್ಮ ಭಾಷೆಯಲ್ಲಿ ಗೊಣಗಿ ಆಕೆಗೆ ತಲೆಯಾಡಿಸಿದ.

"ಹಾಗಾದರೆ ದಯವಿಟ್ಟು ಕರೆಂಟ್ ಹಾಕಿ!" ಎಂದು ಆಕೆ ಕಿರುಚಿದಳು.

ಕರೆಂಟ್ ಬಂತು. ಫ್ಯಾನು ತಿರುಗಿತು. ಕಂಪ್ರೆಸರು ಮಾತ್ರ ಏಳಲಿಲ್ಲ. ಅದೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಮ್ಮೆ ನಿಂತ ಕಂಪ್ರೆಸರು ಐದು ನಿಮಿಷ ಏಳಬಾರದೆಂದು ಆ ಹಲಗೆಗೆ ಕಟ್ಟಿರುತ್ತಾರೆ, ಬೇಗ ಎದ್ದರೆ ಅದಕ್ಕೆ ಪೆಟ್ಟಾಗುತ್ತದೆಂದು. ಆ ಐದು ನಿಮಿಷ ತಡೆಹಿಡಿಯುವ ಚಿಪ್ ಎಂಬ ಕರಿಯ ಚುಕ್ಕೆಯನ್ನು ದಿನಕ್ಕೆ ನಾನೂರರಂತೆ ಒಂಬತ್ತು ವರ್ಷ ನನ್ನ ಕೈಯಾರೆ ಬೆಸೆದಿದ್ದೆ. ಯಂತ್ರಕ್ಕೆ ದಣಿವಾರಿಸಿಕೊಳ್ಳಲು ಐದು ನಿಮಿಷ. ನಮಗೆ ಅಂಥ ಚುಕ್ಕೆಯನ್ನು ಯಾರೂ ಬೆಸೆದಿರಲಿಲ್ಲ.

"ಯಾಕವ್ವಾ ಏಳ್ತಿಲ್ಲ ಇದು?"

"ಏಳ್ತದೆ. ಒರೆಸ್ತಿರು ನೀನು."

"ನೀರೂ ನಿಂತೋಯ್ತು ನಿಕಾ."

"ಒರೆಸು ಅಂದ್ನಲ್ಲ!"

ನಾನು ಎಣಿಸತೊಡಗಿದೆ. ಎಣಿಸುತ್ತಲೇ ಕೆಳಗೆ ಬಗ್ಗಿ ನೋಡಿದೆ. ಕೆಸ್ಲರಮ್ಮ ಕಾರಿಗೆ ಒರಗಿ ಫೋನಿನಲ್ಲಿ ತನ್ನ ಮನೆಯ ನಂಬರು, ಬೀದಿಯ ಹೆಸರು ಹೇಳುತ್ತಿದ್ದಳು. ಯಾರಿಗೆ ಹೇಳುತ್ತಿದ್ದಾಳೆ ಎಂಬುದು ಕೇಳಿಸಲಿಲ್ಲ. ಫೆರ್ಮೀನ್ ಟ್ರಕ್ಕಿನ ಹಿಂದೆ ಹೋಗಿ, ನಮಗೆ ಬೆನ್ನು ಮಾಡಿ, ಅವನೂ ಫೋನು ಕಿವಿಗಿಟ್ಟುಕೊಂಡಿದ್ದ. ನಡುನಡುವೆ ತಲೆಯೆತ್ತಿ ನಮ್ಮ ಕಡೆ ಕೈ ತೋರಿಸುತ್ತಿದ್ದ, ಆಚೆ ಬದಿಯವರಿಗೆ ಕಾಣುತ್ತದೆಯೋ ಎಂಬಂತೆ.

ಇನ್ನೂರ ತೊಂಬತ್ತು ಎಣಿಸುವಾಗ ಕಂಪ್ರೆಸರು ಎದ್ದಿತು.

ಚೆಮಾ ಏಣಿಯ ಮೇಲೆಯೇ ಕೂತು ಮಾಮನ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ನಾನು ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ತಂಪು ಮತ್ತೆ ಬರತೊಡಗಿತು. ನಮ್ಮಿಬ್ಬರ ಮುಖಕ್ಕೂ ಅದು ತಾಗುತ್ತಿತ್ತು, ಯಾರೂ ಒಂದು ನಿಮಿಷವೆಂದು ಲೆಕ್ಕ ಹಿಡಿಯಲಿಲ್ಲ. ಕೆಳಗೆ ಉಡುಗೊರೆ ಹಿಡಿದ ಮೊದಲ ಅತಿಥಿಗಳು ಕಾರಿನಿಂದ ಇಳಿದು, ಮೇಲೆ ನೋಡಿ, ಮತ್ತೆ ಕಾರಿನೊಳಗೆ ಕೂತರು.

ದೂರದಲ್ಲಿ ಸೈರನ್ ಕೇಳಿಸಿತು. ಆಮೇಲೆ ಇನ್ನೊಂದು ದಿಕ್ಕಿನಿಂದ ಇನ್ನೊಂದು.

"ಯಾವುದ್ ಯಾರ್ದು ಅಕ್ಕಾ?" ಎಂದು ಚೆಮಾ ಕೇಳಿದ.

"ಗೊತ್ತಿಲ್ಲ ಕಣೋ."

"ಏಣಿ?"

"ಇರ್ಲಿ. ಮುದುಕನ್ನ ಎತ್ಕೊಳಾಕೆ ಬಂದೋರು ಯಾರು ಅಂತ ಮೊದ್ಲು ನೋಡನ."

ಮಾಮನ ಉಸಿರು ಈಗ ನಿಧಾನವಾಗಿತ್ತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯದು. ಕಣ್ಣು ಅರ್ಧ ತೆರೆದಿತ್ತು. ಬಾಯಿಯ ಎಡ ತುದಿ ಒಂದು ಕೂದಲೆಳೆಯಷ್ಟು ಕೆಳಗೆ ಜಗ್ಗಿತ್ತು. ಅದು ಮೊದಲಿನಿಂದಲೂ ಹಾಗೇ ಇತ್ತೇ, ಚೆಮಾ ದಿನಾ ರೇಗಿಸುತ್ತಿದ್ದದ್ದು ಅದನ್ನೇ ಏನು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಇಷ್ಟು ವರ್ಷ ಜೊತೆಗೆ ದುಡಿದರೂ ನಾನು ಆ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಅಂಗೈಯಿಂದ ಆ ಕೆನ್ನೆಯನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡು ಕೂತೆ. ಯಂತ್ರವನ್ನು ಮಾತ್ರ ನಿಲ್ಲಿಸಲಿಲ್ಲ.